ಹುಣಸೆ ಮರದಡಿ

ಚಿಂದ್ವಿನ್ ಸೇತುವೆಗಿಂತ ಮೊದಲು ಒಂದು ಹುಣಸೆ ಮರ.
ಅದರ ನೆರಳಲ್ಲಿ ಸೈಕಲ್ ನಿಲ್ಲಿಸಿ
ನಾವೆಲ್ಲ ಫೋನು ತೊಳೆಯುತ್ತೇವೆ,
ಉಂಡ ಡಬ್ಬಿ ತೊಳೆದಷ್ಟೇ ಸಲೀಸಾಗಿ.
ವಿಪಿಎನ್ನಿನ ಗುರುತಿನ ಮೇಲೆ ಬೆರಳೊತ್ತಿ ಹಿಡಿದರೆ
ಅದು ನಡುಗುತ್ತದೆ, ಕೇಳುತ್ತದೆ: ಅಳಿಸಲೇ?
ಅಳಿಸು.
ತರಕಾರಿಯ ಡಾ ಚೋ ಅಳಿಸುತ್ತಾಳೆ,
ಕಾಲೇಜು ಬಿಟ್ಟ ಹುಡುಗ ಅಳಿಸುತ್ತಾನೆ.
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ,
ಬಯಲಿಗೆ ಕೂತವರ ಹಾಗೆ.

ನನ್ನ ಫೋನಿನಲ್ಲಿ ಈಗ ಉಳಿದದ್ದು
ಸಕ್ಕರೆ ಕಾಯಿಲೆಯ ಮಾತ್ರೆಗಳ ದರಪಟ್ಟಿ,
ಪಗೋಡದ ಮೆಟ್ಟಿಲ ಮೇಲೆ ನಗುವ ತಂಗಿ,
ಕನಸು ಕೇಳಿ ಲಾಟರಿ ನಂಬರು ಹೇಳುವ ಒಂದು ಆ್ಯಪು,
ನಾಯಿಮರಿಯ ನಾಲ್ಕು ವಿಡಿಯೋ.
ಇಷ್ಟು ಮುಗ್ಧೆ ನಾನು ಎಂದೂ ಆಗಿರಲಿಲ್ಲ.

ಮರಳು ಮೂಟೆಗಳ ಹಿಂದೆ ನಿಂತವನಿಗೆ
ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ.
ಬಂದೂಕು ಬೆನ್ನಿಗೆ ಸರಿಸಿ
ಹೆಬ್ಬೆರಳಲ್ಲಿ ನನ್ನ ದಿನಗಳನ್ನು ಮೇಲಕ್ಕೆ ತಳ್ಳುತ್ತಾನೆ.
ಮೊನ್ನೆ, ಫೋನು ವಾಪಸು ಕೊಡುವ ಮುಂಚೆ,
ಹಿಂದೆ ಮುಂದೆ ನೋಡಿ, ಗಂಟಲಲ್ಲೇ ಕೇಳಿದ:
'ಅಕ್ಕ, ಈಗ ಯಾವುದು ನಡೀತಿದೆ?'
'ಏನು?'
'ಅದೇ, ಗೋಡೆ ದಾಟೋದು.
ನಮಗಿಲ್ಲಿ ಏನೂ ತೆರೆಯಲ್ಲ.
ನಮ್ಮೂರು ಥನ್ ಬಿನ್ ಕೋನ್. ಹದಿನೈದು ದಿನ ಆಯ್ತು,
ಅಮ್ಮನ ಫೋನು ರಿಂಗೇ ಆಗ್ತಿಲ್ಲ.'

ಬಲೆಯೋ, ಮಗುವೋ?
ನೀರಿನ ಆಳ ಕೋಲಿಗೆ ಸಿಗುತ್ತದೆ.
ಸಮವಸ್ತ್ರದ ಆಳ?
ಹೋದ ವರ್ಷ ನಮ್ಮ ಔಷಧಿ ಅಂಗಡಿಯ ಕೋ ಲಿನ್ ಟುನ್
ಇಂಥದೇ ಒಂದು ಮೆತ್ತಗಿನ ಪ್ರಶ್ನೆಗೆ ಉತ್ತರ ಕೊಟ್ಟ.
ಅವನ ಬಿಳಿ ಕೋಟು ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ.
'ನನಗದೆಲ್ಲ ತಿಳಿಯಲ್ಲಪ್ಪ' ಎಂದೆ.
ಪೆಡಲು ತುಳಿದೆ. ನದಿ ಮುಗಿಯಲೇ ಇಲ್ಲ.

ರಾತ್ರಿ, ಕರೆಂಟು ಬಂದ ಗಳಿಗೆ,
ಸೊಳ್ಳೆ ಪರದೆಯೊಳಗೆ ಅಣ್ಣನ ಮಗಳು ಯಿನ್ ನ್ವೇ
ಅಳಿಸಿದ್ದನ್ನು ಮತ್ತೆ ಇಳಿಸಿಕೊಟ್ಟಳು.
ವೃತ್ತ ತಿರುಗಿತು, ತಿರುಗಿತು.
ಒಮ್ಮೆ ನಾನು ಸಿಂಗಪುರದಲ್ಲಿದ್ದೇನೆ ಎಂದಿತು,
ಒಮ್ಮೆ ಪೋಲೆಂಡಿನಲ್ಲಿ.
ಹರಿದ ಚಾಪೆಯ ಮೇಲೆ, ಪೋಲೆಂಡಿನವಳಾಗಿ ಕೂತು,
ನಲವತ್ತು ಮೈಲಿ ಆಚೆಯ ಊರಿನ ಹೆಸರು ಬರೆದೆ.

ಆಕಾಶದಿಂದ ತೆಗೆದ ಚಿತ್ರ.
ತಾಳೆಮರಗಳ ಸಾಲು ಇದೆ. ಕೆರೆ ಇದೆ.
ಮನೆಗಳಿದ್ದಲ್ಲಿ
ಬೂದಿ ಬಳಿದ ಮೇಲೆ ಒಲೆಯೊಳಗೆ ಉಳಿಯುವ ಬಣ್ಣ.
ಹೆಸರುಗಳ ಪಟ್ಟಿ ಉದ್ದಕ್ಕಿತ್ತು.
ಅವನ ಅಮ್ಮನ ಹೆಸರು ನಾನು ಕೇಳಿರಲಿಲ್ಲ.

ಬೆಳಿಗ್ಗೆ ಮತ್ತೆ ಹುಣಸೆ ಮರ. ಅಳಿಸಲೇ? ಅಳಿಸು.
ಚೌಕಿಯಲ್ಲಿ ಅವನೇ.
ಬಹಳ ಹೊತ್ತು ಹುಡುಕಿದ. ದರಪಟ್ಟಿ, ತಂಗಿ, ನಾಯಿಮರಿ.
ಏನೂ ಸಿಗಲಿಲ್ಲ.
'ಹೋಗಿ ಅಕ್ಕ' ಎಂದ.

ನಾಲಿಗೆಯಡಿ, ಕರಗದ ಮಾತ್ರೆಯಂತೆ,
ಒಂದು ಊರು.
ಹಿಂದೆ ಸೈಕಲ್ಲುಗಳು ಗಂಟೆ ಬಾರಿಸತೊಡಗಿದವು.