ಒಂಬತ್ತನೇ ನಂಬರು

ಮೂವತ್ತೊಂದು ವರ್ಷ ನಾನು ನೋಡಿದ್ದೆಲ್ಲ ಮೊಣಕಾಲಿನ ಕೆಳಗೆ.
ಕೋಲಾರದ ಡೂಮ್‌ಲೈಟ್ ಸರ್ಕಲ್ಲು, ಮೆಟ್ಟಿನಂಗಡಿ, ಮುಕ್ಕಾಲು ಅಡಿ ಸ್ಟೂಲು,
ಎದುರಿಗೆ ಯಾರದೋ ಪಾದ.
ಮುಖ ಮರೆತೀತು, ಹಿಮ್ಮಡಿ ಮರೆಯುವುದಿಲ್ಲ:
ಗಣಿ ಮುಚ್ಚಿದ ಮೇಲೂ ಬೂಟೇ ಕೇಳುತ್ತಿದ್ದ ಅಗಲ ಪಾದ,
ಮಂಡಿಯ ಟೊಮೆಟೊ ರಸ ಕುಡಿದು ಕೆಂಪಾದ ಬೆರಳ ಸಂದು,
ಮದುವೆಗೆ ಒಂದು ನಂಬರು ಚಿಕ್ಕದೇ ಬೇಕೆಂದ ಹುಡುಗಿ.
ಅಳತೆಪಟ್ಟಿ ಯಾಕೆ, ಹೊಸಿಲು ದಾಟುವ ಮೊದಲೇ
ಹೇಳಿಬಿಡುತ್ತಿದ್ದೆ, ಐದು, ಎಂಟು, ಹತ್ತು.

ನನ್ನದು ಏಳು. ಲಗ್ನದ ದಿನವೂ ಏಳು.

ಈಗ ಬೆಳಿಗ್ಗೆ ಮಾತ್ರ ಏಳು.
ಊಟ ಮುಗಿಯುವಷ್ಟರಲ್ಲಿ ಪಟ್ಟಿ ಕಚ್ಚುತ್ತದೆ,
ಶಟರು ಎಳೆಯುವ ಹೊತ್ತಿಗೆ ಒಂಬತ್ತು.
ಹೆಬ್ಬೆರಳಿಂದ ಒತ್ತಿದರೆ ಕುಳಿ ಅಲ್ಲೇ ನಿಲ್ಲುತ್ತದೆ,
ಮುದ್ದೆಯ ನಡುವೆ ತುಪ್ಪಕ್ಕೆ ಕಾದ ಹಾಗೆ.
ರೇಣುಕ ಉಪ್ಪಿನಕಾಯಿ ಜಾಡಿ ಅಟ್ಟಕ್ಕೇರಿಸಿದಳು.
ಕಿಡ್ನಿ, ಅಂದ ತಮ್ಮ. ದೃಷ್ಟಿ, ಅಂದರು ಪಕ್ಕದ ಬಳೆ ಅಂಗಡಿಯವರು.
ನಾನು ಯಾರಿಗೂ ಹೇಳದೆ
ಹೃದಯ ಎಂದುಕೊಂಡಿದ್ದೆ.

ಡಾಕ್ಟರಮ್ಮ ರಕ್ತ, ಮೂತ್ರ, ಎದೆಯ ಗೀಟು ಎಲ್ಲ ನೋಡಿ
'ಬಿಪಿ ಮಾತ್ರೆದು ಇದು' ಎಂದರು,
ನಾನು ನಂಬರು ಹೇಳುವಷ್ಟೇ ಸಲೀಸಾಗಿ.
'ಒತ್ತಡ ಇಳಿಸತ್ತೆ, ಕೆಲವರಿಗೆ ಕಾಲಿಗೆ ನೀರೂ ಇಳಿಸತ್ತೆ.
ಸಂಜೆಗೆ ಜಾಸ್ತಿ. ನೀವಾಗೇ ನಿಲ್ಲಿಸಬೇಡಿ, ಬೇರೆ ಬರೀತೀನಿ.'

ಸಂಜೆಗೆ ಜಾಸ್ತಿ.
ಆ ಮಾತು ನನ್ನ ಜೊತೆಗೇ ಆಟೋ ಹತ್ತಿತು.

ವಕ್ಕಲೇರಿಯ ಪಿಳ್ಳಮುನಿಯಮ್ಮ, ಶಾಲೆಯ ಬಿಸಿಯೂಟದವಳು,
ಬಂದಿದ್ದೂ ಒಂದು ಸಂಜೆಯೇ, ಕೊನೆಯ ಬಸ್ಸಿಗೆ ಮುಂಚೆ.
ನೋಡಿದ ಕೂಡಲೇ 'ಆರು' ಅಂದೆ. ಕೊಟ್ಟೆ.
ತಿಂಗಳಾದ ಮೇಲೆ ಬಂದು ಕಾಲು ಅಲ್ಲಾಡಿಸಿ ತೋರಿಸಿದಳು:
'ಜಾರ್ತದೆ ಸಾಮಿ. ಮಾತ್ರೆ ಬದ್ಲಾಯಿಸಿದ್ರು, ಕಾಲು ಇಳೀತು.'
ಮಾತ್ರೆಗೂ ಮೆಟ್ಟಿಗೂ ಏನಮ್ಮ ಸಂಬಂಧ ಎಂದು
ಅಂಗಡಿಯೆಲ್ಲ ನಗುವಂತೆ ಕೇಳಿ
ಗೋಡೆಯ ಬೋರ್ಡಿಗೆ ಬೆರಳು ಮಾಡಿದೆ:
ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.
ಅವಳಿಗೆ ಓದು ಬರುತ್ತಿತ್ತೋ ಇಲ್ಲವೋ.
ಪಟ್ಟಿಗೆ ಬಟ್ಟೆ ಸುತ್ತಿಕೊಂಡು ಹೋದಳು.

ಹೊಸ ಮಾತ್ರೆಗೆ ಮೂರು ವಾರ.
ಕಣಕಾಲಿನ ಮೂಳೆ ಮತ್ತೆ ಕಾಣಿಸಿತು,
ಮುನಿಸು ಮರೆತು ಬಂದ ನೆಂಟನ ಹಾಗೆ.
ನಡೆದರೆ ಒಂಬತ್ತನೇ ನಂಬರಿನ ಜೋಡು
ಟಪ್ ಟಪ್ಪೆಂದು ನನ್ನಿಂದ ಹಿಂದೆ ಬೀಳುತ್ತದೆ.
ಯಾರಿಗೆ ವಾಪಸ್ ಕೊಡಲಿ?

ಬೋರ್ಡು ಸಾಹುಕಾರರದು, ಇಳಿಸುವ ಹಾಗಿಲ್ಲ.
ಸಂಜೆ ಬಂದವರನ್ನು ಮಾತ್ರ ಈಗ ಕೇಳುತ್ತೇನೆ:
'ಬೆಳಿಗ್ಗೆ ಎಷ್ಟಿರತ್ತೆ ಕಾಲು?'
ಕೆಲವರು ನಗುತ್ತಾರೆ. ಮೊನ್ನೆ ಒಬ್ಬಾಕೆ
ಸೀರೆ ತುಸು ಎತ್ತಿ, ಏನೂ ಹೇಳದೆ,
ತಾನೇ ಹೆಬ್ಬೆರಳಿಂದ ಒತ್ತಿ ತೋರಿಸಿದಳು.