ಎಡಗಡೆಯ ಸಿಲಿಂಡರು

ಪೊಲೀಸ್ ಕ್ವಾರ್ಟರ್ಸಿನ ಹಿಂದೆ ಹರಾಜು.
ಮುರುಕು ಆಟೋ, ಮರಳು ಹೊತ್ತು ಸಿಕ್ಕಿಬಿದ್ದ ಟ್ರೈಲರು,
ಅವುಗಳ ನಡುವೆ ಮೈತುಂಬ ತೊಂಡೆಬಳ್ಳಿ ಹಬ್ಬಿಸಿಕೊಂಡು
ಒರಗಿತ್ತು ಎಂಬತ್ನಾಲ್ಕರ ಆರ್‌ಡಿ.
ಟ್ಯಾಂಕಿನ ಮೇಲೆ ರಾಜ್‌ದೂತ್, ಹೊಟ್ಟೆಯೊಳಗೆ ಜಪಾನು,
ಏರ್‌ಫಿಲ್ಟರ್ ಡಬ್ಬಿಯಲ್ಲಿ ಕಡಜದ ಗೂಡು.
ಮೊಬೈಲಿನ್ನೂ ಎಲ್ಲರ ಕೈಗೆ ಬಂದಿರದ ಕಾಲ;
ಆರು ಸಾವಿರಕ್ಕೆ ಕೂಗಿದೆ. ಮೇಲೆ ಯಾರೂ ಕೂಗಲಿಲ್ಲ.
ಆಲೂಗಡ್ಡೆ ಇಳಿಸಿ ಬರಿದಾದ ಲಗೇಜ್ ಆಟೋದಲ್ಲಿ
ಅದೂ ನಾನೂ ಪೆನ್ಷನ್ ಮೊಹಲ್ಲಾಕ್ಕೆ ಬಂದೆವು.

ದಸ್ತಗೀರ್ ಸಾಬರಿಗೆ ಎಡಗಿವಿ ಪೂರಾ ಹೋಗಿದೆ,
ಬಲಗಿವಿಯಲ್ಲಿ ಸಂಜೆಯಾದರೆ ಜೀರುಂಡೆ.
ನಲವತ್ತು ವರ್ಷ ಸೈಲೆನ್ಸರ್ ಬಿಚ್ಚಿದ ಗಾಡಿಗಳ ಪಕ್ಕ ಕೂತದ್ದಕ್ಕೆ
ಸಿಕ್ಕ ಪೆನ್ಷನ್ನು ಇದೇ, ಎಂದು ನಗುತ್ತಾರೆ.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಹಲ್ಲಿಗೆ.
ನನ್ನ ಸ್ಟೆತಾಸ್ಕೋಪು ಕೊಡಹೋದರೆ ಕೈಯಲ್ಲೇ ಬೇಡವೆಂದರು:
"ಕಿವಿ ಸುಳ್ಳು ಹೇಳ್ತದೆ ಸಿಸ್ಟ್ರೇ, ದವಡೆ ಹೇಳಲ್ಲ."

ರಾತ್ರಿಪಾಳಿ ಮುಗಿಸಿ ಬಂದು ಕೂರುತ್ತಿದ್ದೆ.
ತುಕ್ಕು ಹಿಡಿದ ಬೋಲ್ಟಿಗೆ ಡೀಸೆಲ್ ಕುಡಿಸಿ ಮೂರು ದಿನ ಕಾಯುವುದು.
ತಿರುಗಿದ್ದು ಒಂದು.
ಮುರಿದದ್ದು ಐದು.
ಸಿಲಿಂಡರಿನ ಲೈನರು ಸವೆದು ಹೋಗಿತ್ತು;
ಹೊಸದನ್ನು ಲೇತಿನ ಚಂದ್ರಾಚಾರಿ ಕಡೆದುಕೊಟ್ಟ.
ಅದನ್ನು ರಾತ್ರಿಯಿಡೀ ಐಸ್‌ಕ್ಯಾಂಡಿಯ ಫ್ರೀಜರಿನಲ್ಲಿಟ್ಟು,
ಬ್ಲಾಕನ್ನು ಅಯ್ಯಂಗಾರ್ ಬೇಕರಿಯ ಒಲೆಯಲ್ಲಿ,
ಬೆಳಗಿನ ಬನ್ನು ಇಳಿದ ಮೇಲಿನ ಬಿಸಿಯಲ್ಲಿ.
"ಸೋಪು ಹಾಕಿ ತೊಳೆದು ತನ್ನಿ, ನನ್ನ ಒಲೆ ಮಡಿಯದು,"
ಅಂದಿದ್ದ ಶೇಷಾದ್ರಿಯೇ ಇಕ್ಕಳ ಹಿಡಿದು ನಿಂತ.
ಕಾದದ್ದರೊಳಗೆ ತಣ್ಣಗಿನದು ಜಾರಿತು.
ಸುತ್ತಿಗೆ ಬೇಕಾಗಲಿಲ್ಲ. ಒಂದೇ ಸಲ, ಠಣ್.

ಆಮೇಲೆ ಪೋರ್ಟು ಉಜ್ಜುವ ಕೆಲಸ.
ಹೊಗೆ ಹೋಗುವ ಬಾಯಿ ಒಂದು ಮಿಲಿಮೀಟರ್ ಮೇಲಕ್ಕೆ.
ಎರಡನ್ನೂ ಅವರೇ ಉಜ್ಜಿ, ಊದಿ, ಸಾಕು ಅಂದರು.

ಅವರು ನಮಾಜಿಗೆ ಹೋದಾಗ
ಎಡಗಡೆಯದಕ್ಕೆ ಇನ್ನರ್ಧ ಮಿಲಿ ಅರ ಹಾಕಿದೆ.
ಯಾಕೆಂದು ಹೇಳಲು ಬರುವುದಿಲ್ಲ.
ಮಿಲಿ ಮಿಲಿ ಅಳೆದು ಸಿರಿಂಜಿಗೆ ಎಳೆಯುವ ಕೈ
ಒಮ್ಮೆಯಾದರೂ ಗೆರೆ ದಾಟಬೇಕೆಂದಿತು.

ಬಂದವರು ಕಿರುಬೆರಳು ಒಳಗೆ ಆಡಿಸಿದರು.
ಬಲಕ್ಕೆ. ಎಡಕ್ಕೆ. ಮತ್ತೆ ಎಡಕ್ಕೆ.
ಬೀಡಿ ಹಚ್ಚಿ, ಅದು ಮುಗಿಯುವ ತನಕ ಮಾತಿಲ್ಲ.
"ತೆಗೆದದ್ದು ಇನ್ನು ಹಚ್ಚಕ್ಕಾಗಲ್ಲ."
ಬಲಗಡೆಯದನ್ನೂ ಅಷ್ಟೇ ಉಜ್ಜಿಬಿಡಲೇ, ಅಂದೆ.
"ಬುಡಿ. ತಪ್ಪಿಗೆ ಜೋಡಿ ಹುಡುಕ್ಬ್ಯಾಡಿ."

ಎಡಕ್ಕೆ ಒಂದು ನಂಬರ್ ದೊಡ್ಡ ಜೆಟ್ಟು,
ಎಡದ ಪಾಯಿಂಟಿನ ಕಿಡಿ ಕೂದಲೆಳೆಯಷ್ಟು ತಡ.
ಬಲದ್ದು ತನ್ನ ಪಾಡಿಗೆ ತಾನು.
ಎರಡು ಕಾರ್ಬ್ಯುರೇಟರು ಒಂದೇ ಉಸಿರಿಗೆ ಬರಲು
ಎರಡು ಭಾನುವಾರ ಹಿಡಿಯಿತು.
ಕೊನೆಗೆ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ ನನಗೆ ಕೊಟ್ಟರು.
ಕಚ್ಚಿದೆ.
ಹಲ್ಲಿನಿಂದ ತಲೆಬುರುಡೆಗೆ ಹತ್ತಿತು ಸದ್ದು:
ಬಲದ್ದು ಗುಂಡಗೆ, ಎಡದ್ದು ಕೊಂಚ ಒರಟು,
ಓಡಿ ಬಂದು ಮಾತಾಡುವ ಹುಡುಗಿಯ ಹಾಗೆ.

ನಸುಕಿಗೆ ಸಾಲಗಾಮೆ ರಸ್ತೆ.
ಹಿಂದೆ ಸಾಬರು, ಟೋಪಿ ಜೇಬಿನಲ್ಲಿ.
ಐದು ಸಾವಿರ ಸುತ್ತಿನವರೆಗೆ ಹಾಲು ಹಾಕಲು ಹೊರಟ ಗಾಡಿ.
ಆಮೇಲೆ ಯಾರೋ ರಸ್ತೆಯನ್ನೇ ಹಿಡಿದು ಎಳೆದರು.
ಮುಂದಿನ ಚಕ್ರ ಹಗುರಾಯಿತು, ಕಣ್ಣಲ್ಲಿ ನೀರು ಹಿಂದಕ್ಕೆ ಹರಿಯಿತು,
ಸಾಬರ ಕೈ ನನ್ನ ಭುಜವನ್ನು ಒಮ್ಮೆ ಗುದ್ದಿತು:
ಈಗ. ಕ್ಲಚ್ಚು. ಕಿಲ್.

ಸದ್ದಡಗಿದ ಮೇಲೆ ಜೋಳದ ಹೊಲ, ಗೀಜಗ.
ಪ್ಲಗ್ಗು ಬಿಚ್ಚಿ ಕರವಸ್ತ್ರದ ಮೇಲೆ ಇಟ್ಟರು, ಜೊತೆಯಾಗಿ.
ಬಲದ್ದು ಹದವಾಗಿ ಹಾಲು ಬಿದ್ದ ಕಾಫಿ.
ಎಡದ್ದು ಇನ್ನೂ ಸ್ವಲ್ಪ ಬಿಳಿಚಿದೆ.

ನಾನು ನೆಲ ನೋಡಿದೆ.
ಅವರು ಅಂಗಿಜೇಬಿನಿಂದ ಬೀಡಿಕಟ್ಟಿನ ಕಾಗದ ತೆಗೆದು ಬಿಡಿಸಿದರು.
ಒಳಗೆ ಇನ್ನೊಂದು ಜೆಟ್ಟು, ಮತ್ತೂ ಒಂದು ನಂಬರ್ ದೊಡ್ಡದು.
ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡಿದ್ದರು.