ಮೂವತ್ತೊಂಬತ್ತನೇ ಜಾಡಿ

ಮೊದಲು ಕಿಟಕಿ ತೆಗಿ ಜಬಿ, ಆಮೇಲೆ ಮುಚ್ಚಳ.
ಇಲ್ಲಿ ಸತ್ತವರಿಗೆ ಯಾರೂ ಅಳಲ್ಲ,
ಕಣ್ಣಲ್ಲಿ ನೀರು ಬಂದ್ರೆ ಅದು ಫಾರ್ಮಾಲಿನ್.

ಒಂದು ಪಾಲು ಔಷಧಿ, ಒಂಬತ್ತು ಪಾಲು ನೀರು.
ಬೋರ್ ನೀರು ಮಾತ್ರ ಬೇಡ,
ಉಪ್ಪು ಕೂತು ಗಾಜು ಮಂಕಾಗ್ತದೆ.

ಹಿಂದೆ ಸ್ಪಿರಿಟ್ ಇತ್ತಂತೆ. ನನಗಿಂತ ಮೊದಲಿದ್ದ ಅರುಳಪ್ಪ
ಹೇಳೋನು: ಶನಿವಾರ ಸಂಜೆ ಜಾಡಿಗಳ ಮಟ್ಟ ಇಳಿಯೋದು,
ಸೋಮವಾರ ಸಾಹೇಬ್ರು ರಿಜಿಸ್ಟರಲ್ಲಿ
‘ಆವಿಯಾಗಿದೆ’ ಅಂತ ಬರೆಯೋರು.

ಆಗ ಬರೋವೆಲ್ಲ ಅನಾಥ ಹೆಣ,
ಸಿಟಿ ಸ್ಟೇಷನ್ನಿಂದ, ಮಾರ್ಕೆಟ್ಟಿನ ಮೆಟ್ಟಿಲಿಂದ.
ತೊಡೆಯ ರಕ್ತನಾಳಕ್ಕೆ ನಳಿಗೆ ಕಟ್ಟಿ
ರಾತ್ರಿಯಿಡೀ ಹನಿ ಹನಿ ಇಳಿಸ್ತಿದ್ವಿ,
ಸ್ಟೂಲ್ ಎಳ್ಕೊಂಡು ಕೂತು.
ಬದುಕಿದ್ದಾಗ ಇಷ್ಟು ಹೊತ್ತು
ಯಾರು ಕೂತಿದ್ರೋ ಅವರ ಪಕ್ಕ.

ಈಗ ತಾವೇ ಫಾರಂ ತುಂಬಿ ಬರ್ತಾರೆ,
ಜೆರಾಕ್ಸ್ ಎರಡು ಪ್ರತಿ, ಮಗಳ ಸಹಿ.
ಹನುಮಂತನಗರದ ಲೆಕ್ಕದ ಮೇಷ್ಟ್ರೊಬ್ಬರು
ಅಂಗಿ ಜೇಬಲ್ಲಿ ಚೀಟಿ ಇಟ್ಟಿದ್ರು:
‘ಎಡಮೊಣಕಾಲಲ್ಲಿ ಸ್ಟೀಲ್ ಇದೆ.
ಮಕ್ಕಳಿಗೆ ಮೊದಲೇ ತಿಳಿಸಿ, ಬ್ಲೇಡ್ ಮುರೀತದೆ.’

ಮೇಲಿನ ಮಹಡೀಲಿ ಹೊಸ ಮೆಷಿನ್ನು.
ನೀರು ಕೊಬ್ಬು ಹೀರಿ ಪ್ಲಾಸ್ಟಿಕ್ ತುಂಬ್ತಾರೆ.
ಶ್ವಾಸಕೋಶ ಒಣ ಸೋರೆಬುರುಡೆ ಹಾಗೆ, ಹಗುರ.
ಮುಟ್ಟಿ, ಕೈ ತೊಳೀದೆ ಟೀ ಕುಡೀತಾರೆ ಹುಡುಗರು.
ನನಗ್ಯಾಕೋ
ವಾಸನೆ ಇಲ್ದಿದ್ದನ್ನ ನಂಬೋಕಾಗಲ್ಲ.

ಇದು ನೋಡು, ಮೂವತ್ತೊಂಬತ್ತು.
ಹುಷಾರು, ಎರಡೂ ಕೈಲಿ ಹಿಡಿ.
ಪರಂಗಿಹಣ್ಣಿನಷ್ಟು ಊದಿರೋ ಈ ಹೃದಯದ ಯಜಮಾನ
ಇನ್ನೂ ಬದುಕಿದಾನೆ.
ಮುನಿಶಾಮಪ್ಪ, ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನ ವ್ಯಾಪಾರ.
ವರ್ಷಕ್ಕೊಂದು ಸಲ ಬರ್ತಾನೆ ನೋಡೋಕೆ.
ಡಾಕ್ಟ್ರು ಬೇಡ ಅನ್ನಲ್ಲ.

ಮೊದಲ ಸಲ ಚಪ್ಪಲಿ ಬಿಟ್ಟು ಒಳಗೆ ಬಂದ.
ಬಹಳ ಹೊತ್ತು ನಿಂತ.
‘ಇಷ್ಟು ಬೆಳ್ಳಗಿತ್ತಾ?’ ಅಂದ.
ಬಣ್ಣ ಇಲ್ಲಿ ಹೋಯ್ತು ಅಂದೆ.

ಅವನೊಳಗೆ ಈಗ ಹೊಡ್ಕೊಳ್ಳೋದು
ಬೈಕಿಂದ ಬಿದ್ದ ಯಾರದೋ ಹುಡುಗನದು.
ಐಸ್ ಪೆಟ್ಟಿಗೇಲಿ, ಹೊಸಕೋಟೆ ಕಡೆಯಿಂದ,
ಸಿಗ್ನಲ್ ಎಲ್ಲ ಹಸಿರು ಮಾಡಿ ತಂದದ್ದು.
ನಾಲ್ಕು ಗಂಟೆ ಅದರ ಆಯಸ್ಸು.
ಈ ಊರಲ್ಲಿ ನಾಲ್ಕು ಗಂಟೆ ಅಂದ್ರೆ
ಟಿನ್ ಫ್ಯಾಕ್ಟರಿ ದಾಟಿದ್ರೆ ಪುಣ್ಯ.

‘ಮಲ್ಲಿಗೇನೂ ಹಂಗೇ ಸ್ವಾಮಿ’ ಅಂದ ಅವನು.
‘ನೀರಲ್ಲಿ ಮುಳುಗಿಸಿದ್ರೆ ಕೊಳೀತದೆ.
ಒದ್ದೆ ಬಟ್ಟೆ ಸುತ್ತಿ ಐಸ್ ಮೇಲಿಡಿ,
ಬೆಳಗಿನ ಬೋಣಿಗೆವರೆಗೂ ಮೊಗ್ಗಾಗೇ ಇರ್ತದೆ.
ಬೆಳಗ್ಗೆ ಮಾತ್ರ ಮಾರ್ಲೇಬೇಕು.’

ಇದು ಎಷ್ಟು ವರ್ಷ ಇರ್ತದೆ ಅಂತ ಕೇಳಿದ.
ನೀವು ನಾನು ಹೋದ್ಮೇಲೂ, ಅಂದೆ.
ನಕ್ಕುಬಿಟ್ಟ. ‘ಕೆಲಸ ಬಿಟ್ಟಿದ್ದೇ ಬಾಳೋದು ಅನ್ನಿ.’

ಅವತ್ತು ಒಂದು ಮೊಳ ಕನಕಾಂಬರ ತಂದಿದ್ದ.
ಜಾಡಿಗೆ ಹಾಕೋದೋ,
ತನ್ನೆದೆಗೆ ಹಿಡ್ಕೊಳ್ಳೋದೋ ಗೊತ್ತಾಗ್ದೆ
ನನ್ನ ಕೈಗೆ ಕೊಟ್ಟು ಹೋದ.
ಮನೇಲಿ ಫಿಲೋಮಿನಾ ಮುಡಿದ್ಲು,
‘ಇದಕ್ಕೂ ನಿಮ್ಮ ವಾಸನೇನೇ’ ಅಂತ ಬೈಕೊಂಡು.

ನೋಡು, ಮಟ್ಟ ಒಂದು ಬೆರಳು ಇಳಿದಿದೆ.
ಸುರಿ. ಗೋಡೆ ಅಂಚಿಗೆ ಸುರಿ, ನಿಧಾನ,
ಗುಳ್ಳೆ ಏಳಬಾರದು.
ಹೊರಗಡೆ ಗಾಜು ಒರೆಸು,
ನಿನ್ನ ಬೆರಳಿನ ಗುರುತು ಬಿದ್ದಿದೆ.
ಗುರುವಾರ ಬರ್ತಾನೆ ಅವನು.